ಕಾಲು ಮುಟ್ಟುವ ಕೆಲಸ

ಬಿಡದಿಯ ಮಸಾಜ್ ಚಿಕಿತ್ಸಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಒಬ್ಬ ಹೆಂಗಸು, ನನ್ನ ಕೈ ಹೆಗಲಿಗೆ ತಾಗಿದ್ದೇ ತಡ, ಚೀರಿಕೊಂಡು ಮೂಲೆಗೆ ಹೋಗಿ ಕುಳಿತಳು. ನವಲಗುಂದದ ಕಡೆ ಬಾಣಂತಿಯರಿಗೆ ಎಣ್ಣೆ ತಿಕ್ಕುವುದನ್ನು ನೋಡಿ ಬೆಳೆದವಳು ನಾನು. ಮಸಾಜ್ ಕಲಿತು ಬಂದಿದ್ದರೂ, ಮುಟ್ಟಿದರೆ ಇಷ್ಟು ಹೆದರುವ ಮೈಯನ್ನು ಕಂಡಿರಲಿಲ್ಲ.

ಅವಳು ಜಯಮ್ಮ, ವಿರೂಪಾಕ್ಷಿಪುರದ ಪಕ್ಕದ ಹಳ್ಳಿಯವಳು. ಕಾರ್ಖಾನೆಯ ವ್ಯಾನು ಮಗುಚಿ, ಪಕ್ಕದಲ್ಲಿ ಕೂತಿದ್ದ ಗೆಳತಿ ತೀರಿಹೋಗಿದ್ದಳು. ಜಯಮ್ಮನ ಮೂಳೆ ಕೂಡಿತು, ನಿದ್ದೆ ಹತ್ತಲಿಲ್ಲ. ಸ್ವಂತ ಮಗಳು ತಬ್ಬಿಕೊಂಡರೂ ತಳ್ಳಿಬಿಡುತ್ತಿದ್ದಳು. ಮಾತಿನ ಚಿಕಿತ್ಸೆಯ ಜೊತೆಗೆ ಇದೂ ಇರಲಿ ಎಂದು ಡಾಕ್ಟರು ನಮ್ಮಲ್ಲಿಗೆ ಕಳಿಸಿದ್ದರು.

ನನ್ನ ಕಷ್ಟ ಬೇರೆಯದು. ಬಾಡಿಗೆ ಮನೆ ಹುಡುಕುವಾಗ ಮಸಾಜ್ ಎಂದದ್ದೇ ತಪ್ಪಾಯಿತು. ‘ಮನೆ ಆಗಲೇ ಕೊಟ್ಟಾಯ್ತು’ ಎಂದು ಬಾಗಿಲು ಹಾಕಿದರು. ನರ್ಸ್ ಎಂದೆ, ಮನೆ ಸಿಕ್ಕಿತು. ಊರಿಗೂ ಅದನ್ನೇ ಹೇಳಿದೆ. ಜೋಳದ ರೊಟ್ಟಿಯ ನಾಲಿಗೆ ತಟ್ಟೆ ಇಡ್ಲಿಗೆ ಒಗ್ಗಿತು, ಇಲ್ಲಿಯ ‘ಒಸಿ’ ಅಂದರೆ ನಮ್ಮ ‘ಜರಾ’, ಎರಡೂ ಸ್ವಲ್ಪವೇ ಎಂದೂ ತಿಳಿಯಿತು. ಸುಳ್ಳು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಉಳಿಯಿತು.

ಮುಂದಿನ ಸಲ ಜಯಮ್ಮನನ್ನು ಕೇಳಿಯೇ ಮುಟ್ಟಿದೆ. ಪಾದದಿಂದ ಶುರು ಮಾಡುವುದು ನಾವು ಕಲಿತ ಕ್ರಮ. ಅವಳು ಸರಕ್ಕನೆ ಕಾಲೆಳೆದುಕೊಂಡಳು.

“ಬ್ಯಾಡ ಕಣಕ್ಕ. ದೊಡ್ಡೋರು ಕಾಲ್ ಮುಟ್ಟುದ್ರೆ ನಂಗೆ ಪಾಪ ಬತ್ತದೆ.”

ಕೊನೆಗೆ ದಾರಿಯನ್ನೂ ಅವಳೇ ಕಂಡುಕೊಂಡಳು. ಮೊದಲು ಬಗ್ಗಿ ನನ್ನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು, ಆಮೇಲೆ ತನ್ನ ಕಾಲು ನೀಡಿದಳು. ಪ್ರತಿ ವಾರ ಹಾಗೆಯೇ ನಡೆಯಿತು. ಮೆಲ್ಲಗೆ ಕೈ, ಹೆಗಲು ಒಪ್ಪಿಕೊಂಡವು. ಮಗಳ ತಲೆ ಬಾಚಿದೆ ಎಂದು ಒಮ್ಮೆ ನಾಚುತ್ತಾ ಹೇಳಿದಳು.

ಅವಳು ಸೆರಗು ಸರಿಪಡಿಸಿಕೊಳ್ಳುತ್ತಿದ್ದಾಗ ಒಂದು ದಿನ ಊರಿನಿಂದ ನನ್ನ ಅತ್ತೆಯ ಫೋನು ಬಂತು. “ದವಾಖಾನ್ಯಾಗ ಅದೀನ್ರಿ ಅತ್ತಿ, ಪೇಶಂಟಿಗೆ ಇಂಜೆಕ್ಷನ್ ಮಾಡೋದೈತಿ” ಎಂದೆ.

ಜಯಮ್ಮ ನನ್ನನ್ನೇ ನೋಡಿದಳು. “ನನ್ ಮುಟ್ಟೋದು ಅಷ್ಟ್ ನಾಚ್ಕೆ ಕೆಲ್ಸನಾ ಅಕ್ಕ?”

ಅವಳು ಹೊರಟುಹೋದಳು. ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಬಾಗಿಲು ಹಾಕಿದವರ ಮೇಲೆ ನನಗಿದ್ದ ಸಿಟ್ಟೆಲ್ಲ ನಾಚಿಕೆಯಾಗಿ ನನ್ನ ಮೇಲೇ ತಿರುಗಿತು. ನಾನೂ ಅವರಂತೆಯೇ ಆಗಿದ್ದೆ.

ಅತ್ತೆಗೆ ನಿಜ ಹೇಳಿದೆ. “ಹಬ್ಬಕ್ಕ ಬಂದಾಗ ಯಾರ ಮುಂದೂ ಹೇಳಬ್ಯಾಡವಾ” ಎಂದು ಫೋನಿಟ್ಟರು.

ಮಾರನೆಯ ದಿನ ಬಸ್ಸು ಹತ್ತಿ ಜಯಮ್ಮನ ಊರಿಗೆ ಹೋದೆ. ಅವಳು ಜಗಲಿಯ ಮೇಲೆ ಕೂತಿದ್ದಳು, ಬಾ ಎನ್ನಲಿಲ್ಲ. ಪಕ್ಕದ ಮನೆಯ ಹೆಂಗಸು, “ಯಾರವ್ವ ನೀನು, ನರ್ಸಾ?” ಎಂದಳು.

“ಅಲ್ಲ, ಮಸಾಜ್ ಮಾಡೋಳು” ಎಂದೆ. ಕಿವಿ ಬಿಸಿಯಾಯಿತು.

“ಅತ್ತೆಗೆ ಯೋಳುದ್ರಾ?” ಜಯಮ್ಮ ಕೇಳಿದಳು.

“ಹೇಳಿದೆ. ಊರಲ್ಲಿ ಯಾರಿಗೂ ಹೇಳಬೇಡ ಅಂದರು.”

ಅವಳು ಎದ್ದು ಬಂದು, ಬಗ್ಗಿ ನನ್ನ ಪಾದ ಮುಟ್ಟಿದಳು. ಮತ್ತೆ ಜಗಲಿಯ ಮೇಲೆ ಕೂತು, ಬೀದಿಯವರೆಲ್ಲ ನೋಡುತ್ತಿದ್ದಂತೆ, ಕಾಲು ಚಾಚಿದಳು.

“ಇಲ್ ಎಲ್ರಿಗೂ ಯೋಳ್ಕಬೌದು, ಕೂತ್ಕಳಕ್ಕ.”