ಬೆರಳಲ್ಲಿ ನೋಡಿದ ಜೋಡಣೆ

ನಾನು ಓದಿದ್ದು ಆರನೇ ಕ್ಲಾಸು. ಹೊಸೂರಿನಲ್ಲಿ ಇಪ್ಪತ್ತು ವರ್ಷ ಪೆಟ್ರೋಲ್ ಕಾರು ಬಿಚ್ಚಿ ಕಟ್ಟಿದ್ದೇನೆ. ತಮ್ಮ ಡಿಪ್ಲೊಮಾ ಮಾಡಿ, ಫ್ಯಾಕ್ಟರಿಯಲ್ಲಿ ಮೋಟರಿನ ಕೆಲಸ ಕಲಿತು, ಅದನ್ನು ಬಿಟ್ಟು ನನ್ನ ಶೆಡ್ಡಿಗೇ ಬಂದ. ಹಳೇ ಕಾರಿನ ಇಂಜಿನ್ ಇಳಿಸಿ ಮೋಟರು, ಬ್ಯಾಟರಿ ಕೂರಿಸುವುದು ಅವನ ಯೋಚನೆ. ಬೇರೆಯವರು ಗೇರ್‌ಬಾಕ್ಸನ್ನೂ ಕಿತ್ತುಹಾಕುತ್ತಾರೆ. ಇವನು ಅದನ್ನು ಕೀಳಲು ಬಿಡಲಿಲ್ಲ.

“ಗೇರು ಹಾಕ್ದೆ ಓಡ್ಸೋದ್ರಲ್ಲಿ ಏನ್ ಮಜಾ ಐತಣ್ಣಾ? ಲಿಫ್ಟಲ್ಲಿ ನಿಂತಂಗೆ!”

“ನೀನು ಲಿಫ್ಟಲ್ಲಿ ಹೋಗಿದ್ದು ಯಾವಾಗ್ಲಾ?” ಅಂದೆ. ನಕ್ಕ.

ಮೊದಲ ಕಾರು ಒಬ್ಬ ರಿಟೈರ್ಡ್ ಮೇಷ್ಟ್ರದು. ಮೋಟರಿನ ಶಾಫ್ಟನ್ನು ಗೇರ್‌ಬಾಕ್ಸಿಗೆ ಸೇರಿಸುವ ಕಪ್ಲಿಂಗನ್ನು ಲೇತಿನಲ್ಲಿ ಮಾಡಿಸಿ ತಂದೆವು. ಎರಡೂ ಒಂದೇ ನೇರಕ್ಕಿವೆಯೇ ಎಂದು ಡಯಲ್ ಗೇಜ್ ಇಟ್ಟು ನೋಡಲು ಹೇಳಿ, ತಮ್ಮ ಬ್ಯಾಟರಿ ತರಲು ಕೃಷ್ಣಗಿರಿಗೆ ಹೋದ. ಗಡಿಯಾರದಂಥ ಆ ಗೇಜಿನ ಸಣ್ಣ ಗೆರೆಗಳನ್ನು ಓದಲು ನನಗೆ ಬರುತ್ತಿರಲಿಲ್ಲ. ಅವನನ್ನು ಕೇಳಲು ನಾಚಿಕೆ. ಅಣ್ಣನಲ್ಲವೇ. ಕಪ್ಲಿಂಗ್ ಮೇಲೆ ಬೆರಳಿಟ್ಟು ತಿರುಗಿಸಿದೆ. ಬೆರಳನ್ನು ತುಸು ಒದ್ದಂತಾಯಿತು, ಅಂದರೆ ನೇರ ಸ್ವಲ್ಪ ತಪ್ಪಿತ್ತು. ಪೆಟ್ರೋಲ್ ಇಂಜಿನ್ನಿನ ನಡುಕದಲ್ಲಿ ಅಷ್ಟೆಲ್ಲ ಗೊತ್ತೇ ಆಗುವುದಿಲ್ಲ, ಇದೂ ನಡೆಯುತ್ತದೆ ಅಂದುಕೊಂಡೆ. ಸಂಜೆ ತಮ್ಮ ಬಂದು ಕೇಳಿದ.

“ನೋಡ್ದೆ, ಸರಿಯಾಗೈತೆ” ಅಂದೆ.

ಎರಡು ವಾರ ಓಡಿತು. ಕೆಲಮಂಗಲದ ದಾರಿಯ ಏರಿನಲ್ಲಿ, ಮೇಷ್ಟ್ರು ಖುಷಿಯಿಂದ ಗೇರ್ ಬದಲಿಸುತ್ತಿದ್ದಾಗ ಕಪ್ಲಿಂಗ್ ಮುರಿಯಿತು. ಯಾರಿಗೂ ಏಟಾಗಲಿಲ್ಲ. ಅವರು ಗೇರೇ ಬೇಡ ಅಂದುಬಿಟ್ಟರು. ತನ್ನ ಯೋಚನೆಯೇ ತಪ್ಪು ಅಂದುಕೊಂಡ ತಮ್ಮ, ಗೇರ್‌ಬಾಕ್ಸನ್ನು ತಾನೇ ಇಳಿಸಿ ಮೂಲೆಗಿಟ್ಟ. ಆಮೇಲೆ ಮಾಡಿದ ನಾಲ್ಕು ಕಾರೂ ಗೇರಿಲ್ಲದವೇ. ಮುಗಿದ ಮೇಲೆ ಒಂದು ಸುತ್ತು ಓಡಿಸುವ ಆಸೆಯೂ ಅವನಿಗಿಲ್ಲ. ಕೀಲಿ ನನ್ನ ಕೈಗೆ ಕೊಡುತ್ತಾನೆ. ಕೆಲಸಕ್ಕಿಂತ, ಆ ಸುಳ್ಳು ಇಟ್ಟುಕೊಂಡು ಅವನ ಪಕ್ಕ ಸ್ಪ್ಯಾನರ್ ಹಿಡಿಯುವುದೇ ನನಗೆ ಸುಸ್ತು.

ಹೋದ ವಾರ ಡೆಂಕಣಿಕೋಟೆಯಿಂದ ಒಬ್ಬರು ಬಂದು ಗೇರ್ ಇಟ್ಟೇ ಮಾಡಿಕೊಡಿ ಅಂದರು. “ಆಗಲ್ಲ ಸಾರ್, ಮಾಡಿ ಸೋತಿದೀನಿ” ಅಂದ ತಮ್ಮ. ಅವರು ಹೋದ ಮೇಲೆ ನಾನು ಎಲ್ಲ ಹೇಳಿದೆ.

ಅವನು ಕೈ ಒರೆಸಿಕೊಂಡ.

“ಬರಲ್ಲ ಅಂದಿದ್ರೆ ಐದು ನಿಮಿಷದಲ್ಲಿ ಹೇಳ್ಕೊಡ್ತಿದ್ನಲ್ಲಣ್ಣ.”

“ಅವರ್ನ ವಾಪಸ್ ಕರಿ” ಅಂದೆ.

“ನೀನೇ ಕರಿ. ಅವತ್ತು ಯಾಕೆ ಮುರೀತು ಅಂತಾನೂ ನೀನೇ ಹೇಳು.”

ಅವರ ನಂಬರು ನನ್ನ ಫೋನಿನಲ್ಲಿದೆ. ದಿನಾ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುವಾಗ ಇವತ್ತು ಮಾಡೋಣ ಅಂದುಕೊಳ್ಳುತ್ತೇನೆ. ಇನ್ನೂ ಮಾಡಿಲ್ಲ.