ಕಂಬಿ ಕಟ್ಟುವ ಶರಣಬಸವ ಕೇಳಿದ ಮಾತು

2008ರ ನವೆಂಬರಿನ ಆ ಭಾನುವಾರ ಶರಣಬಸವ ಚೆನ್ನಾಗಿದ್ದ. ಹಿಂದಿನ ದಿನ ಡಯಾಲಿಸಿಸ್ ಆಗಿತ್ತು. ಕಾಲಿನ ಬಾವು ಇಳಿದಿತ್ತು. ಕೆ.ಆರ್. ಪುರದ ಬಾಡಿಗೆ ಕೋಣೆಯ ಮುಂದೆ ಕುರ್ಚಿ ಹಾಕಿಕೊಂಡು, ಎದುರಿನ ಸೈಟಿನಲ್ಲಿ ತಾರಸಿಗೆ ಕಂಬಿ ಕಟ್ಟುವುದನ್ನು ನೋಡುತ್ತಿದ್ದ. ಕಟ್ಟಿದ್ದು ಅವನಿಗೆ ಸರಿ ಕಾಣಲಿಲ್ಲ. ಎದ್ದು ಹೋಗಿ, ನಡುವೆ ಇಷ್ಟು ಜಾಗ ಬಿಟ್ಟರೆ ಕೆಳಗೆ ಮಲಗುವವರ ಗತಿ ಏನೆಂದು ಬೈದು ಬಂದ. ಅವರು ಬಿಚ್ಚಿ ಮತ್ತೆ ಕಟ್ಟಿದರು. ಮಧ್ಯಾಹ್ನ ಹೆಂಡತಿ ಹುಸೇನಮ್ಮ ಉಪ್ಪಿಲ್ಲದ ಪಲ್ಯ, ರೊಟ್ಟಿ ಕೊಟ್ಟಳು.

"ಇದನ್ನ ಜೈಲಿನಾಗ ಕೊಟ್ರ ಕಳ್ರೆಲ್ಲ ಸುಧಾರಿಸ್ತಾರ ನೋಡು," ಅಂದ. ಒಂದೂವರೆ ರೊಟ್ಟಿ ತಿಂದ.

ಸೋಮವಾರ ಬೆಳಿಗ್ಗೆ ಉಸಿರು ಸಿಗಲಿಲ್ಲ. ಆಟೋ ಟಿನ್ ಫ್ಯಾಕ್ಟರಿ ದಾಟುವಷ್ಟರಲ್ಲಿ ಹೋಗಿಬಿಟ್ಟ. ನಲವತ್ತೊಂದು ವಯಸ್ಸು.

ಊರು ಸುರಪುರದ ಕಡೆ. 1998ರಲ್ಲಿ ಗಂಡ ಹೆಂಡತಿ ಬೆಂಗಳೂರಿಗೆ ಬಂದರು. ಮೊದಲು ಮರ್ಫಿ ಟೌನಿನಲ್ಲಿ ಇದ್ದರು, ಆಮೇಲೆ ಇಲ್ಲಿಗೆ. ಕೆ.ಆರ್. ಪುರದ ತೂಗು ಸೇತುವೆಗೂ ಅವನು ಕಂಬಿ ಕಟ್ಟಿದ್ದಾನೆ. ಅವನು ಕಟ್ಟಿದ್ದನ್ನು ಮೇಸ್ತ್ರಿ ಎರಡನೇ ಸಲ ನೋಡುತ್ತಿರಲಿಲ್ಲ. ದಿನವಿಡೀ ಬಗ್ಗಿ ತಂತಿ ತಿರುಚುವ ಕೆಲಸ, ಸೊಂಟ ಹಿಡಿಯುತ್ತಿತ್ತು. ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ತಂದು ದಿನಕ್ಕೆರಡು ನುಂಗುತ್ತಿದ್ದ. ಜೊತೆಯವರೆಲ್ಲ ನುಂಗುತ್ತಿದ್ದರು. ಅದೂ ಒಂದು ರೋಗ ತರುತ್ತದೆ ಎಂದು ಯಾರಿಗೆ ಗೊತ್ತು.

2004ರಲ್ಲಿ ಟಿ.ಬಿ. ಬಂತು. ರಕ್ತ ನೋಡಿ ಎಚ್‌ಐವಿ ಅಂದರು. ಹುಸೇನಮ್ಮನಿಗೂ ಇತ್ತು. ಅವನು ಮುಚ್ಚಿಡಲಿಲ್ಲ, ತಪ್ಪು ತನ್ನದೇ ಎಂದು ಹೇಳಿದ. ಮರುವರ್ಷದಿಂದ ಶಿವಾಜಿನಗರದ ಸರ್ಕಾರಿ ಆಸ್ಪತ್ರೆಯಲ್ಲಿ ಇಬ್ಬರಿಗೂ ಬಿಟ್ಟಿ ಗುಳಿಗೆ ಸಿಕ್ಕಿತು. ಅವನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಡುತ್ತಿದ್ದರು. ಓನರಿಗೆ ಗೊತ್ತಾದರೆ ಕೋಣೆ ಹೋಗುತ್ತದೆ, ಜೊತೆಯವರಿಗೆ ಗೊತ್ತಾದರೆ ಕೆಲಸ ಹೋಗುತ್ತದೆ.

2007ರಲ್ಲಿ ಮುಖ ಬಾತುಕೊಂಡಿತು. ಮೂತ್ರದಲ್ಲಿ ನೊರೆ. ಜೊತೆಗೆ ಕಂಬಿ ಕಟ್ಟುವ ಮುತ್ತಣ್ಣ ಹತ್ತಿರದ ಡಾಕ್ಟರ ಬಳಿ ಕರೆದುಕೊಂಡು ಹೋದ. ಬೇರೆ ಏನು ಗುಳಿಗೆ ತಿನ್ನುತ್ತೀಯ ಎಂದು ಡಾಕ್ಟರು ಕೇಳಿದರು. ಹುಸೇನಮ್ಮ ಬಾಯಿ ತೆರೆದಳು. ಮುತ್ತಣ್ಣ ಪಕ್ಕದಲ್ಲೇ ಇದ್ದ, ಶರಣಬಸವ ಅವಳ ಕಾಲು ತುಳಿದ. ಏನೂ ಇಲ್ಲ ಅಂದ. ಹಾಗೆ ನಾಲ್ಕು ತಿಂಗಳು ಹೋಯಿತು. ದೊಡ್ಡ ಆಸ್ಪತ್ರೆಗೆ ಹೋಗುವಾಗ ಎರಡೂ ಕಿಡ್ನಿ ಕೆಟ್ಟಿದ್ದವು. ಎಚ್‌ಐವಿಯೇ ಕಿಡ್ನಿ ತಿನ್ನುತ್ತದೆ, ಅದರ ಮೇಲೆ ನೋವಿನ ಗುಳಿಗೆ ಬೇರೆ, ಮೊದಲೇ ಮೂತ್ರ ಪರೀಕ್ಷೆ ಮಾಡಿಸಿದ್ದರೆ ಉಳಿಸಬಹುದಿತ್ತು ಎಂದು ಅಲ್ಲಿನ ಡಾಕ್ಟರಮ್ಮ ಹೇಳಿದರು. ಇನ್ನು ಡಯಾಲಿಸಿಸ್ ಒಂದೇ ದಾರಿ.

ಅದಕ್ಕೆಂದು ಇಂದಿರಾನಗರದ ಒಂದು ಡಯಾಲಿಸಿಸ್ ಸೆಂಟರಿಗೆ ಹೋದರು. ಮುತ್ತಣ್ಣನೇ ಹೆಗಲು ಕೊಟ್ಟು ಕರೆತಂದಿದ್ದ. ಹಾಲ್ ತುಂಬಾ ಜನ. ಬೇರೆ ಕಾಯಿಲೆ ಇದೆಯಾ ಎಂದು ಹೆಸರು ಬರೆದುಕೊಳ್ಳುವವನು ಕೇಳಿದ. ಒಬ್ಬರ ರಕ್ತ ಹರಿದ ಮಷಿನ್‌ನಲ್ಲೇ ಮುಂದಿನವರ ರಕ್ತವೂ ಹರಿಯಬೇಕು, ಹೇಳಿದರೆ ಮಷಿನ್ ಸಿಗುವುದಿಲ್ಲ ಎಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. ಹುಸೇನಮ್ಮ ಈ ಸಲ ಬಾಯಿ ಬಿಗಿದು ನಿಂತಳು. ಗಂಡ ಬದುಕಿದರೆ ಸಾಕಾಗಿತ್ತು ಅವಳಿಗೆ.

"ಈ ಮಷಿನ್‌ಗೆ ನನ್ನ ನಂತರ ಯಾರದ ಪಾಳಿ?" ಎಂದು ಶರಣಬಸವ ಕೇಳಿದ.

ಬೆಂಚಿನ ಮೇಲೆ ಕೂತಿದ್ದ ಒಬ್ಬ ಅಜ್ಜಿ ಕೈ ಎತ್ತಿದಳು. "ನಂದೇ ಕಣಪ್ಪಾ. ಯಾಕೆ, ಲೇಟಾಗತ್ತಾ?"

ಅವನು ಬರೆದುಕೊಳ್ಳುವವನ ಕಡೆ ತಿರುಗಿದ. "ನನಗ ಎಚ್‌ಐವಿ ಅದ ಸಾರ್. ನನ್ನ ಹೆಂಡ್ತಿಗೂ ಅದ. ನನ್ನಿಂದನೇ ಬಂದದ, ಆಕಿದೇನೂ ತಪ್ಪಿಲ್ಲ. ಬರ್ಕೋರಿ."

ಬರೆದುಕೊಳ್ಳುವವನು ಪೆನ್ನು ಕೆಳಗಿಟ್ಟ. ಮುತ್ತಣ್ಣ ಹೆಗಲು ತೆಗೆದ. ಹೊರಗೆ ಕಳಿಸಿದರು. ಹುಸೇನಮ್ಮನಿಗೆ ಅಲ್ಲೇ ನೆಲ ಬಿರಿಯಬಾರದೆ ಅನಿಸಿತು. ಬಸ್ಸಿನಲ್ಲಿ ಕೂತ ಮೇಲೆ ಅವಳಿಗೆ ಬೇರೆಯೇ ಅನಿಸಿತು. ಆ ಅಜ್ಜಿ ಯಾರೋ. ಅವಳಿಗಾಗಿ ಇವನು ತನ್ನ ಜೀವ ಪಣಕ್ಕಿಟ್ಟ. ಇಂಥವನ ಹೆಂಡತಿ ತಾನು ಎಂದುಕೊಂಡಳು.

ಎರಡು ವಾರ ಅಲೆದ ಮೇಲೆ ಇನ್ನೊಂದು ಕಡೆ ಎಚ್‌ಐವಿ ಇರುವವರಿಗೆಂದೇ ಬೇರೆ ಮಷಿನ್ ಸಿಕ್ಕಿತು. ಅಲ್ಲಿ ಸೂಜಿ ಹಿಡಿದು ಬಂದ ನರ್ಸಮ್ಮನಿಗೆ ಪ್ರತಿ ಸಲ ಅವನೇ ಮೊದಲು ಹೇಳುತ್ತಿದ್ದ, ಗ್ಲೌಸ್ ನೋಡಿ ಹಾಕಿಕೊಳ್ಳಿ ಎಂದು.

ಇಂದಿರಾನಗರದಿಂದ ಬಂದ ದಿನವೇ ಮುತ್ತಣ್ಣ ಕೋಣೆಗಳ ಸಾಲಿನವರಿಗೆಲ್ಲ ಹೇಳಿಬಿಟ್ಟಿದ್ದ. ಓನರು ಮುನಿವೆಂಕಟಪ್ಪ ಬಾಗಿಲಿಗೆ ಬಂದಾಗ ಹುಸೇನಮ್ಮ ಪಾತ್ರೆ ಕಟ್ಟುತ್ತಿದ್ದಳು. ಅವನ ಹೆಂಡತಿ ಅಣ್ಣಮ್ಮ ಖಾಲಿ ಮಾಡಿಸಿ ಎಂದು ಹಿಂದಿನಿಂದ ಹೇಳುತ್ತಲೇ ಇದ್ದಳು. ಅವರ ಮನೆಯ ಮೇಲಿನ ಮಹಡಿಗೆ ಕಂಬಿ ಕಟ್ಟಿದ್ದು ಶರಣಬಸವನೇ.

"ನೀನ್ ಕಟ್ಟಿದ್ ತಾರ್ಸಿ ಕೆಳ್ಗೆ ಮಲಗ್ತೀನಿ ಕಣಪ್ಪಾ ನಾನು," ಶರಣಬಸವನಿಗೆ ಅಂದ ಮುನಿವೆಂಕಟಪ್ಪ. "ಇರು. ಎಲ್ಲಿಗ್ ಹೋಗ್ತೀಯ."

ಅಣ್ಣಮ್ಮ ಮಾತು ಬಿಟ್ಟಳು. ಮುತ್ತಣ್ಣ ಮುಖ ತಿರುಗಿಸಿದ. ಹೆಣ ಹೊರಲು ಮಾತ್ರ ಬಂದ. ಆದರೆ ಕಂಬಿ ಕೆಲಸದ ನಾಲ್ಕು ಜನ ಶರಣಬಸವನ ಮಾತು ಕೇಳಿ ನೋವಿನ ಗುಳಿಗೆ ಬಿಟ್ಟು ಮೂತ್ರ ಪರೀಕ್ಷೆ ಮಾಡಿಸಿದರು. ಒಬ್ಬನಿಗೆ ಕಿಡ್ನಿ ತೊಂದರೆ ಆಗಲೇ ಶುರುವಾಗಿತ್ತು. ಅವನು ಇನ್ನೂ ಕೆಲಸಕ್ಕೆ ಹೋಗುತ್ತಾನೆ.

ಹುಸೇನಮ್ಮ ಅದೇ ಕೋಣೆಯಲ್ಲಿದ್ದಾಳೆ. ಅವಳ ಕಿಡ್ನಿ ಚೆನ್ನಾಗಿವೆ, ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುತ್ತಾಳೆ. ಬೆಳಿಗ್ಗೆ ಏಳಕ್ಕೆ ಸಾಲಿನ ಹೆಂಗಸರು ನೀರು ಹಿಡಿಯುವ ಹೊತ್ತಿಗೆ ಹೊಸ್ತಿಲ ಮೇಲೆ ಕೂತು, ಎಲ್ಲರಿಗೂ ಕಾಣುವ ಹಾಗೆ ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಾಳೆ. ಏನದು ಎಂದು ಕೇಳಿದವರಿಗೆ ಕಾಯಿಲೆಯ ಹೆಸರು ಹಿಡಿದು ಹೇಳುತ್ತಾಳೆ. ಆಮೇಲೆ ಬಾಗಿಲ ಮುಂದೆ ಕಸ ಗುಡಿಸುತ್ತಾಳೆ.