ಬಾಪಿಯ ಬ್ಯಾಂಡು ಬೊಂಬಾಯಿಗೆ ಹೊರಟ ದಿನ

ಕಲ್ಕತ್ತೆಯಲ್ಲಿ ನನ್ನ ಮೊದಲ ಸಂಜೆ, ಅಡುಗೆಮನೆಯ ಗೋಡೆ ನಡುಗಿತು. ಸ್ಟೀಲಿನ ಲೋಟಗಳು ಗಲಗಲ ಅಂದವು. ಭೂಕಂಪವೆಂದು ಸೀರೆಯ ನೆರಿಗೆ ಎತ್ತಿಕೊಂಡು ಬೀದಿಗೆ ಓಡಿದೆ. ಅಲ್ಲಿ ನಾನೊಬ್ಬಳೇ ಓಡುತ್ತಿದ್ದದ್ದು. ನಿಮ್ಮ ಅಜ್ಜ ನಕ್ಕು, “ಹೆದರ್ಬೇಡ ಮಾರಾಯ್ತಿ, ಪಕ್ಕದ ಗ್ಯಾರೇಜಿನ ಹುಡುಗರು. ಅದು ಸಂಗೀತವಂತೆ!” ಎಂದರು.

ಅದು ಅರವತ್ತರ ದಶಕದ ಕೊನೆ. ಲೇಕ್ ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲಿ ನಮ್ಮದು ಪುಟ್ಟ ಉಡುಪಿ ಹೋಟೆಲು, ಹಿಂದೆ ಒಂದೇ ಕೋಣೆಯ ಮನೆ. ಊರಿನಲ್ಲಿ ತೆಂಗಿನಕಾಯಿ ಸಾರಿಗೂ ಪಲ್ಯಕ್ಕೂ ಬೇಕು. ಇಲ್ಲಿಯವರು ಅದನ್ನು ಬೆಲ್ಲದಲ್ಲಿ ಉಂಡೆ ಕಟ್ಟಿ ತಿನ್ನುತ್ತಾರೆ. ಸಾಸಿವೆ ಎಣ್ಣೆಯ ಘಾಟಿಗೆ ಮೊದಮೊದಲು ಕಣ್ಣೀರು ಬರುತ್ತಿತ್ತು. ಎಲ್ಲ ಕಣ್ಣೀರೂ ಎಣ್ಣೆಯದಲ್ಲ.

ಆ ಹುಡುಗರು ಕರೆಂಟಿನ ಗಿಟಾರು ಹಿಡಿದು ಬಂಗಾಳಿಯಲ್ಲಿ ಹಾಡುತ್ತಿದ್ದರು. ದುರ್ಗಾಪೂಜೆಯ ಪೆಂಡಾಲಿನಲ್ಲಿ ಅವರು ನಿಂತರೆ ನಮ್ಮ ಇಡೀ ಪಾಡಾ, ಅಂದರೆ ಕೇರಿ, ಕಾಂಪೌಂಡ್ ಗೋಡೆ ಹತ್ತಿ ಕೂರುತ್ತಿತ್ತು. ಹೌರಾ ಸೇತುವೆಯಾಚೆ ಯಾರಿಗೂ ಅವರ ಹೆಸರು ಗೊತ್ತಿರಲಿಲ್ಲ. ಕರೆಂಟು ಹೋದರೆ ಗಿಟಾರು ಮೂಕ. ಆಗ ಎಲ್ಲರೂ ನಮ್ಮಲ್ಲಿಗೆ ದೋಸೆಗೆ ಬರುತ್ತಿದ್ದರು. ಮುಖ್ಯ ಹಾಡುಗಾರ ಬಾಪಿ ನನ್ನನ್ನು ‘ಮಾಶೀಮಾ’ ಎನ್ನುತ್ತಿದ್ದ, ಚಿಕ್ಕಮ್ಮ ಎಂದಂತೆ. ನಾನು ಒಳಗಿನಿಂದಲೇ ತಲೆಯಾಡಿಸುತ್ತಿದ್ದೆ.

ಮುಂದೆ ಜ್ವರ ಬಂದು ಅಜ್ಜ ತೀರಿಕೊಂಡರು. ನಿಮ್ಮಪ್ಪ ಆಗ ಸಣ್ಣವನು. ಊರಿನಿಂದ ಬಂದ ಭಾವ ಮೆತ್ತಗೆ ಹೇಳಿದರು: “ಗಲ್ಲಾದಲ್ಲಿ ನೀನು ಕೂತ್ಕೊಳ್ಳಿಕ್ಕಾಗ್ತದಾ? ಬೆಳಿಗ್ಗೆ ಕೆಲಸಕ್ಕೆ ಹೊರಟವರು ಮೊದಲು ನೋಡೋದು ನಿನ್ನ ಮುಖ. ಹೋಟೆಲು ಕೊಟ್ಟುಬಿಡುವ, ಊರಿಗೆ ನಡಿ.” ಅವರು ಕೆಟ್ಟವರಲ್ಲ. ನಾನೂ ಹಾಗೆಯೇ ನಂಬಿದ್ದವಳು. ಹೂಂ ಅಂದೆ.

ಅದೇ ವಾರ ಬ್ಯಾಂಡಿಗೆ ಬೊಂಬಾಯಿಯ ದೊಡ್ಡ ಸ್ಪರ್ಧೆಯ ಕರೆ ಬಂತು. ಹೊರಡುವ ದಿನ ಬಾಪಿ ಅಡುಗೆಮನೆಯತ್ತ ಬರುವುದು ಕಂಡು ನಾನು ಒಳಗಿನಿಂದ ಚಿಲಕ ಹಾಕಿದೆ.

“ಮಾಶೀಮಾ, ಬಾಗಿಲು ತೆಗಿ. ಕಾಲಿಗೆ ಬೀಳದೆ ಹೋಗಲ್ಲ.”

“ಪ್ರಯಾಣಕ್ಕೆ ಹೊರಟವನು ನನ್ನ ಮುಖ ನೋಡ್ಬಾರದು, ಮಗಾ.” ನನ್ನ ಹರಕು ಬಂಗಾಳಿಯಲ್ಲಿ ಅವನಿಗೆ ಹೇಳಿದ ಅತಿ ಉದ್ದದ ಮಾತು ಅದು.

“ಇಷ್ಟು ವರ್ಷ ಆ ಮುಖ ನೋಡ್ಕೊಂಡೇ ದೋಸೆ ತಿಂದಿದೀನಿ. ರೈಲು ತಪ್ಪಿದ್ರೆ ಪಾಪ ನಿನ್ನ ತಲೆಗೆ!”

“ಬಾಪಿ, ಟ್ಯಾಕ್ಸಿ ಮೀಟರು ಓಡ್ತಿದೆ, ನಿಮ್ಮಪ್ಪ ಕೊಡ್ತಾನಾ?” ಎಂದು ಡ್ರಮ್ಮಿನವನು ಬೀದಿಯಿಂದ ಕೂಗಿದ.

ಬಾಗಿಲು ತೆಗೆದೆ. ಹೊರಡುವವರಿಗೆ ಇಲ್ಲಿನ ಹಿರಿಯರು ‘ದುಗ್ಗಾ ದುಗ್ಗಾ’ ಎಂದು ದುರ್ಗೆಯ ಹೆಸರು ಹೇಳಿ ಕಳಿಸುತ್ತಾರೆ. ಹೇಳಿದೆ.

ಅವರು ಸೋತರು. ಸಮಾಧಾನದ ಬಹುಮಾನವೂ ಬರಲಿಲ್ಲ. ಸುದ್ದಿ ಕೇಳಿದವಳೇ ಭಾವನಿಗೆ ಟಿಕೆಟು ತರಲು ಹೇಳಿದೆ. ಇನ್ನೇನು ಪುರಾವೆ ಬೇಕಿತ್ತು?

ಮರಳಿದ ದಿನ ಹುಡುಗರು ಪೆಟ್ಟಿಗೆ ಸಮೇತ ಹೋಟೆಲಿಗೇ ಬಂದರು. ನಾನು ತಲೆ ಎತ್ತಲಿಲ್ಲ. “ನನ್ನಿಂದ ಹೀಗಾಯ್ತು,” ಎಂದೆ.

“ನಿನ್ನಿಂದಾ? ಮಾಶೀಮಾ, ಎರಡನೇ ಹಾಡಲ್ಲಿ ಡ್ರಮ್ಮು ಬಾರಿಸಿದ್ದು ನೀನಾ? ಈ ಮಹಾಶಯ ಕೂದಲು ಸರಿಮಾಡ್ಕೊಳ್ತಾ ಕೂತಿದ್ದ!” ಎಂದು ಬಾಪಿ ಡ್ರಮ್ಮಿನವನತ್ತ ಬೆರಳು ತೋರಿಸಿದ.

“ಸುಳ್ಳು! ಪದ ಮರೆತು ಲಾ ಲಾ ಅಂದವನು ಯಾರು?”

ಜಗಳ ಹತ್ತಿತು. ನನ್ನ ಮುಖದ ವಿಷಯ ಅವರಲ್ಲಿ ಯಾರಿಗೂ ನೆನಪೇ ಇರಲಿಲ್ಲ. ಎದ್ದು ಹೋಗುವಾಗ ಬಾಪಿ ತಿರುಗಿ, “ಶನಿವಾರ ಕಾಲೇಜಲ್ಲಿ ಹಾಡೋದಿದೆ. ಹೊರಡುವಾಗ ನೀನು ಬಾಗಿಲಿಗೆ ಬಾ. ಮತ್ತೆ ಚಿಲಕ ಹಾಕಿದ್ರೆ ಮುರೀತೀನಿ,” ಎಂದ.

ಮರುದಿನ ಬೆಳಿಗ್ಗೆ ಗಲ್ಲಾದಲ್ಲಿ ಕೂತೆ. ಗಿರಾಕಿಗಳು ಇಡ್ಲಿ ಕೇಳಿದರು, ಚಟ್ನಿ ಸಾಲದೆಂದು ಗೊಣಗಿದರು. ಭಾವ ಒಬ್ಬರೇ ಊರಿಗೆ ಹೋದರು.

ಬ್ಯಾಂಡು ದೇಶಕ್ಕೆ ಗೊತ್ತಾಗಲೇ ಇಲ್ಲ. ನಿಮ್ಮಪ್ಪ ಓದಿದ್ದು, ನೀವು ಇಲ್ಲಿ ಹುಟ್ಟಿದ್ದು, ಎಲ್ಲದಕ್ಕೂ ನಾನು ಆ ಹುಡುಗರನ್ನು ನೆನೆಯುತ್ತೇನೆ. ಆದರೂ ಮಕ್ಕಳೇ, ಊರಿಗೆ ಹೋದಾಗ ಮದುವೆ ದಿಬ್ಬಣ ಹೊರಡುವ ಹೊತ್ತಿಗೆ ನಾನು ಈಗಲೂ ಹಿಂದಿನ ಕೋಣೆಗೆ ಸರಿಯುತ್ತೇನೆ. ಯಾರೂ ಹೇಳುವುದಿಲ್ಲ, ಕಾಲು ತಾನಾಗಿ ಹೋಗುತ್ತದೆ. ಕಲ್ಕತ್ತೆಗೆ ಮರಳಿದರೆ, ಯಾರು ಹೊರಟರೂ, ಅದೇ ಕಾಲು ಬೀದಿಬಾಗಿಲಿಗೆ ಬರುತ್ತದೆ.